ಗರಗಸದ ಹಲ್ಲು ಹುಡುಕಿದ ಮಳೆಗಾಲ

ಹೋದ ಮಳೆಗಾಲ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕೂತು ನೊಣದ ಒಂದು ಜೀನ್ ನೋಡುತ್ತಿದ್ದೆ. ಕರೆಂಟು ಇದ್ದಾಗ ಡೌನ್‌ಲೋಡ್, ಇಲ್ಲದಾಗ ಪೇಪರು ಪೆನ್ನು. ಜೀನ್ ಹೆಸರು ಅಲ್ಟ್ರಾಬೈಥೊರ್ಯಾಕ್ಸ್. ಇದು ಕೆಟ್ಟರೆ ನೊಣಕ್ಕೆ ನಾಲ್ಕು ರೆಕ್ಕೆ ಬರುತ್ತದೆ, ಅದು ಬೇರೆ ಕಥೆ. ನನಗೆ ಬೇಕಾಗಿದ್ದು ಅದರೊಳಗಿನ ಉದ್ದದ ಇಂಟ್ರಾನ್, ಅಂದರೆ ಜೀನಿನ ಪ್ರತಿ ತೆಗೆದ ಮೇಲೆ ಕತ್ತರಿಸಿ ಬಿಸಾಡುವ ಭಾಗ. ಎ, ಸಿ, ಜಿ, ಟಿ ಅನ್ನುವ ಡಿಎನ್‌ಎ ಅಕ್ಷರಗಳಲ್ಲಿ ಅಳೆದರೆ 70 ಸಾವಿರಕ್ಕೂ ಜಾಸ್ತಿ. ಈ ಜೀನಿನ ಒಂದು ಆರ್‌ಎನ್‌ಎ ಪ್ರತಿ ಬರೆದು ಮುಗಿಸಲು ಜೀವಕೋಶಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಅಷ್ಟು ಹೊತ್ತು ಕಾದು, ಕೊನೆಗೆ ಇಡೀ ಇಂಟ್ರಾನ್ ಒಂದೇ ಸಲ ಕತ್ತರಿಸಿ ಬಿಸಾಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ, ಬರೆಯುತ್ತಾ ಬರೆಯುತ್ತಾ ತುಂಡು ತುಂಡಾಗಿ ತೆಗೆಯುತ್ತದೆ ಅಂತ 1998ರಲ್ಲೇ ಇದೇ ಜೀನಿನಲ್ಲಿ ತೋರಿಸಿದ್ದಾರೆ. ಅದನ್ನು ನನ್ನ ಕಣ್ಣಲ್ಲೇ ನೋಡಬೇಕಿತ್ತು, ಅಷ್ಟೇ.

ಮೊದಲ ಮೂರು ವಾರ ದಂಡ. ತಪ್ಪು ನನ್ನದೇ. ನಾನು ಇಳಿಸಿಕೊಂಡಿದ್ದು ಪಾಲಿ-ಎ ಬಾಲ (ಬರೆದು ಮುಗಿದ ಪ್ರತಿಯ ಕೊನೆಗೆ ಸೇರುವ ಎ ಅಕ್ಷರಗಳ ಸಾಲು) ಇರುವ ಆರ್‌ಎನ್‌ಎ ಮಾತ್ರ ಆರಿಸಿ ಓದಿದ ಡೇಟಾ. ಅಂದರೆ ಕೆಲಸ ಮುಗಿದು, ಇಂಟ್ರಾನ್ ಎಲ್ಲಾ ಹೋಗಿ, ಶುದ್ಧವಾದ ಪ್ರತಿಗಳು. ಸುಲಿದು ಬೇಯಿಸಿದ ಅಡಿಕೆಯಲ್ಲಿ ಸಿಪ್ಪೆ ಹುಡುಕಿದ ಹಾಗಾಯಿತು. ಆಮೇಲೆ ಬುದ್ಧಿ ಬಂದು, ಅರ್ಧಂಬರ್ಧ ಪ್ರತಿಗಳೂ ಸೇರಿದ ಟೋಟಲ್ ಆರ್‌ಎನ್‌ಎ ಡೇಟಾ ಹುಡುಕಿದೆ.

ಇಂಥ ಡೇಟಾವನ್ನು ಜೀನಿನ ಮೇಲೆ ಜೋಡಿಸಿ ತೋರಿಸುವ ಐಜಿವಿ ಅನ್ನುವ ಸಾಫ್ಟ್‌ವೇರಿನಲ್ಲಿ ತೆರೆದಾಗ ಗ್ರಾಫ್ ವಿಚಿತ್ರವಾಗಿತ್ತು. ಇಂಟ್ರಾನಿನ ಶುರುವಲ್ಲಿ ರೀಡ್‌ಗಳು (ಯಂತ್ರ ಓದಿದ ಆರ್‌ಎನ್‌ಎ ಚೂರುಗಳು) ಎತ್ತರ, ಆಮೇಲೆ ಇಳಿಯುತ್ತಾ ಇಳಿಯುತ್ತಾ ಬಂದು ಒಂದು ಕಡೆ ದಿಢೀರನೆ ಮತ್ತೆ ಮೇಲೆ, ಮತ್ತೆ ಇಳಿಜಾರು. ಶಿವಮೊಗ್ಗದಲ್ಲಿ ತುಂಬಿದ ಬಸ್ಸು ಗಾಜನೂರು, ಮಂಡಗದ್ದೆ ಅಂತ ಖಾಲಿಯಾಗುತ್ತಾ ಬಂದು ತೀರ್ಥಹಳ್ಳಿಯಲ್ಲಿ ಮತ್ತೆ ತುಂಬಿಕೊಂಡು ಆಗುಂಬೆ ಕಡೆ ಹೊರಡುತ್ತಲ್ಲ, ಹಾಗೆ. ಡೇಟಾ ಕೆಟ್ಟಿದೆ ಅಂತ ಇನ್ನೊಂದು ಸ್ಯಾಂಪಲ್ ತೆರೆದೆ. ಅದರಲ್ಲೂ ಅದೇ ಜಾಗದಲ್ಲಿ ಗರಗಸದ ಹಲ್ಲಿನ ಹಾಗೆ ದಿಢೀರ್ ಏರಿಕೆ.

ಇಳಿಜಾರು ಯಾಕೆ ಅಂದರೆ, ಒಂದೇ ಜೀನಿನ ಮೇಲೆ ಬರೆಯುವ ಯಂತ್ರಗಳು ಸಾಲಾಗಿ ಹೋಗುತ್ತಿರುತ್ತವೆ. ಶುರುವಿನ ಭಾಗ ಎಲ್ಲರ ಪ್ರತಿಯಲ್ಲೂ ಇರುತ್ತದೆ, ಕೊನೆಯ ಭಾಗ ಅಲ್ಲಿಯವರೆಗೆ ತಲುಪಿದ ಕೆಲವರ ಹತ್ತಿರ ಮಾತ್ರ. ಒಂದೇ ಸಲ ಕತ್ತರಿಸುವುದಾದರೆ ಒಂದೇ ಇಳಿಜಾರು ಬರಬೇಕು. ಮಧ್ಯದಲ್ಲಿ ಹಲ್ಲು ಇದೆ ಅಂದರೆ ಅಲ್ಲಿಯವರೆಗಿನ ತುಂಡು ಆಗಲೇ ಹೋಗಿದೆ.

ಹಲ್ಲಿನ ಬುಡಕ್ಕೆ ಜೂಮ್ ಮಾಡಿದೆ. ಅಲ್ಲಿದ್ದ ನಾಲ್ಕು ಅಕ್ಷರ ಎಜಿಜಿಟಿ. ಇಂಟ್ರಾನ್ ಸಾಮಾನ್ಯವಾಗಿ ಜಿಟಿಯಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ಇಲ್ಲಿ ಮುಗಿಯುವ ಗುರುತಿಗೆ ಅಂಟಿಕೊಂಡೇ ಶುರುವಾಗುವ ಗುರುತು, ಮಧ್ಯೆ ಒಂದಕ್ಷರವೂ ಇಲ್ಲ. ಕೋಶ ಮೊದಲು ಈ ಎಜಿವರೆಗೆ ಕತ್ತರಿಸಿ, ಹಿಂದಿನ ಎಕ್ಸಾನನ್ನು, ಅಂದರೆ ಕೊನೆಯ ಪ್ರತಿಯಲ್ಲಿ ಉಳಿಯುವ ಭಾಗವನ್ನು, ತಂದು ಜಿಟಿಗೆ ಹೊಲಿಯುತ್ತದೆ. ಹೊಲಿದ ಕೂಡಲೇ ಅದೇ ಹೊಲಿಗೆಯಲ್ಲಿ ಎಕ್ಸಾನ್ ಪಕ್ಕ ಜಿಟಿ, ಅಂದರೆ ಮತ್ತೆ ಕತ್ತರಿ ಹಾಕುವ ಗುರುತು ಹೊಸದಾಗಿ ಹುಟ್ಟಿತು! ಅಲ್ಲಿಂದ ಮುಂದಿನ ತುಂಡು. ಕೊನೆಯ ಪ್ರತಿಯಲ್ಲಿ ಈ ಜಾಗದ ಕುರುಹೇ ಉಳಿಯುವುದಿಲ್ಲ. ಸೊನ್ನೆ ಉದ್ದದ ಎಕ್ಸಾನ್ ಅನ್ನುತ್ತಾರೆ, ಜಾಗದ ಹೆಸರು ರ್‍ಯಾಚೆಟ್ ಪಾಯಿಂಟ್. 2015ರಲ್ಲಿ ನೊಣದ 115 ಜೀನುಗಳಲ್ಲಿ ಇಂಥ 197 ಜಾಗ ಪಟ್ಟಿ ಮಾಡಿದ್ದಾರೆ.

ಇಷ್ಟಾದ ಮೇಲೆ ಜಂಬ ಬಂತು. ಇಡೀ ಇಂಟ್ರಾನಿನಲ್ಲಿ ಎಜಿಜಿಟಿ ಹುಡುಕುವ ನಾಲ್ಕು ಸಾಲಿನ ಪೈಥಾನ್ ಬರೆದೆ. ನೂರಾರು ಸಿಕ್ಕವು. ಸಿಗಲೇಬೇಕಲ್ವಾ, ನಾಲ್ಕಕ್ಷರದ ಮಾತು ಸುಮ್ನೆ ಆಕಸ್ಮಿಕವಾಗಿಯೇ 256 ಅಕ್ಷರಕ್ಕೊಮ್ಮೆ ಬರುತ್ತದೆ. ಹಿಂದೆ ಸಿ, ಟಿ ತುಂಬಿದ ಒಂದು ಪಟ್ಟಿ ಇರಬೇಕು, ಮುಂದೆ ಜಿಟಿಎಎಜಿಟಿ ಪೂರ್ತಿ ಇರಬೇಕು ಅಂತ ಬಿಗಿ ಮಾಡಿದೆ. ಆಮೇಲೆ ಅದೇ ಹುಡುಕಾಟವನ್ನು ಡಿಎನ್‌ಎಯ ಎದುರು ಎಳೆಯ ಮೇಲೂ ಓಡಿಸಿದೆ. ಎದುರು ಎಳೆಯ ಅಕ್ಷರಗಳು ಈ ಜೀನಿನ ಆರ್‌ಎನ್‌ಎಯಲ್ಲಿ ಬರುವುದೇ ಇಲ್ಲ, ಅಲ್ಲಿ ಸಿಕ್ಕಿದ್ದೆಲ್ಲ ಬರೀ ಅದೃಷ್ಟ, ಹಾಗಾಗಿ ಅದೇ ಅಳತೆಗೋಲು. ಇದು ನನ್ನ ಬುದ್ಧಿ ಅಲ್ಲ, ಈ ಕೆಲಸ ಮಾಡಿದವರ ಹಳೆಯ ಉಪಾಯ.

ಆದರೂ ನನಗೆ ನಂಬಿಕೆ ಬಂದಿದ್ದು ಗುರುತಿನಿಂದಲೂ ಅಲ್ಲ, ಹಲ್ಲಿನಿಂದಲೂ ಅಲ್ಲ. ಅರ್ಧ ಎಕ್ಸಾನ್, ಅರ್ಧ ಇಂಟ್ರಾನಿನ ನಡುವಿನ ಅಕ್ಷರ ಇರುವ ರೀಡ್‌ಗಳು ಬೆರಳೆಣಿಕೆಯಷ್ಟು ಸಿಕ್ಕವು. ಮೊದಲ ಹೊಲಿಗೆ ಮುಗಿದು ಎರಡನೆಯದು ಇನ್ನೂ ಆಗದ ಕ್ಷಣದಲ್ಲಿ ಸಿಕ್ಕಿಬಿದ್ದವು ಅವು. ರಾತ್ರಿ ಹನ್ನೊಂದಕ್ಕೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ. "ಹೊಲಿದಿದ್ದನ್ನೇ ಮತ್ತೆ ಕತ್ತರಿಸೋದಾದ್ರೆ ಹೊಲಿಯೋದ್ಯಾಕೆ?" ಅಂದು ಮಲಗಿದರು. ಪ್ರಶ್ನೆ ಸರಿಯಾಗಿದೆ.

ಕತ್ತರಿಸಿದ ತುಂಡು ಕುಣಿಕೆಯ ಹಾಗೆ ಸುತ್ತಿಕೊಂಡು ಹೊರಬೀಳುತ್ತದೆ. ಆ ಕುಣಿಕೆಗಳು ನನಗಿನ್ನೂ ಸಿಕ್ಕಿಲ್ಲ. ಗಂಟಿನ ಮೇಲೆ ಹಾಯುವ ರೀಡ್‌ನ ಎರಡು ಭಾಗ ತಲೆಕೆಳಗಾದ ಕ್ರಮದಲ್ಲಿರುತ್ತವೆ, ನಾನು ಬಳಸುವ ಪ್ರೋಗ್ರಾಂ ಅಂಥವನ್ನು ಕಸ ಅಂತ ಪಕ್ಕಕ್ಕೆ ತಳ್ಳುತ್ತದೆ. ಆ ಕಸದ ಫೈಲ್ ಅಳಿಸದೆ ಇಟ್ಟಿದ್ದೇನೆ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಅದನ್ನು ಜಾಲಾಡಬೇಕು.