ಮೂತ್ರಕೋಶದ ನೋವು: ಸ್ಲೈಡ್‌ನಲ್ಲಿ ನಾನು ನೋಡುವುದೇನು

ನಾನು ಪೆಥಾಲಜಿಸ್ಟ್. ದೇಹದಿಂದ ತೆಗೆದ ತುಂಡುಗಳನ್ನು (ಬಯಾಪ್ಸಿ) ಸೂಕ್ಷ್ಮದರ್ಶಕದಲ್ಲಿ ನೋಡಿ ಕಾಯಿಲೆ ಗುರುತಿಸುವುದು ನನ್ನ ಕೆಲಸ. ಯೂರಾಲಜಿಯಿಂದ ಬರುವ ಬಯಾಪ್ಸಿಗಳ ಚೀಟಿಯಲ್ಲಿ ಆಗಾಗ ಇದೇ ಕಥೆ: ಮೂತ್ರ ತುಂಬಿದಂತೆಲ್ಲ ಕಿಬ್ಬೊಟ್ಟೆ ನೋವು, ಹೋಗಿಬಂದರೆ ಸ್ವಲ್ಪ ಹಗುರ, ಮೂತ್ರದ ಕಲ್ಚರ್‌ನಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ. ಶಂಕೆ ಮೂತ್ರಕೋಶದ ನೋವಿನ ಕಾಯಿಲೆಯದು, ಅಂದರೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್.

ಮೊದಲು ಕ್ಯಾನ್ಸರ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ಒಳಪದರದಲ್ಲೇ ಹರಡುವ ಕ್ಯಾನ್ಸರ್ ಕೂಡ ಇದೇ ಥರ ಉರಿ ಕೊಡಬಹುದು. ಅದರ ಕೋಶಗಳು ಸುಲಭವಾಗಿ ಉದುರುತ್ತವೆ. ಹಾಗಾಗಿ ಪದರ ಬೋಳಾಗಿ ಕಂಡರೆ ತುಂಡನ್ನು ಹುದುಗಿಸಿದ ಮೇಣದ ಬ್ಲಾಕನ್ನು ಇನ್ನೂ ಆಳಕ್ಕೆ ಕತ್ತರಿಸಲು ಹೇಳುತ್ತೇನೆ.

ಆಮೇಲೆ ಮಾಸ್ಟ್ ಕೋಶಗಳ ಸರದಿ. ಇವು ಉರಿಯೂತದ ರಾಸಾಯನಿಕಗಳನ್ನು ಕಾಳುಗಳಲ್ಲಿ ತುಂಬಿಟ್ಟುಕೊಂಡ ರಕ್ಷಣಾ ಕೋಶಗಳು. ಟೊಲ್ಯುಡಿನ್ ಬ್ಲೂ ಎಂಬ ಬಣ್ಣ ಹಾಕಿದರೆ ಸುತ್ತಲೆಲ್ಲ ನೀಲಿ, ಈ ಕೋಶಗಳ ಕಾಳುಗಳು ಮಾತ್ರ ನೇರಳೆ. ಕಾಳುಗಳಲ್ಲಿರುವ ಹೆಪಾರಿನ್ನೇ ಇದಕ್ಕೆ ಕಾರಣ. ಆದರೆ ಕಾಳು ಚೆಲ್ಲಿ ಖಾಲಿಯಾದ ಕೋಶ ಈ ಬಣ್ಣಕ್ಕೆ ಸಿಗುವುದು ಕಷ್ಟ. ನಮಗೆ ಬೇಕಾಗಿರುವುದೇ ಆ ಕೆರಳಿದ ಕೋಶ, ಅಲ್ವಾ? ಅದಕ್ಕೇ ಕೋಶದ ಮೇಲ್ಮೈಯಲ್ಲಿ ಉಳಿಯುವ ಸಿಡಿ117 ಎಂಬ ಪ್ರೋಟೀನಿನ ಗುರುತನ್ನೂ ಹಾಕಿಸುತ್ತೇನೆ.

ಮೂತ್ರಕೋಶದ ಗೋಡೆಯ ಡಿಟ್ರೂಸರ್ ಸ್ನಾಯುವಿನಲ್ಲಿ ಚದರ ಮಿಲಿಮೀಟರಿಗೆ 28ಕ್ಕಿಂತ ಜಾಸ್ತಿ ಮಾಸ್ಟ್ ಕೋಶ ಇದ್ದರೆ ಈ ಕಾಯಿಲೆಯ ಅಧ್ಯಯನ ಮಾಡುವ ಯುರೋಪಿನ ತಜ್ಞರ ಎಸ್ಸಿಕ್ ಗುಂಪು ಅದನ್ನು ಹೆಚ್ಚಳ ಎನ್ನುತ್ತದೆ. ಲೆಕ್ಕ ಬರೆಯುತ್ತೇನೆ, ಆದರೆ ಅದೊಂದನ್ನೇ ನಂಬುವುದಿಲ್ಲ. ಕೋಶ ಎಲ್ಲಿ ಕೂತಿದೆ ಅನ್ನುವುದು ನನಗೆ ಮುಖ್ಯ. ನರದ ಎಳೆಗೆ ಅಂಟಿಕೊಂಡಂತೆ ಇದ್ದರೆ ಅಲ್ಲೇ ನಿಲ್ಲುತ್ತೇನೆ. ನರ ಸಬ್‌ಸ್ಟೆನ್ಸ್ ಪಿ ಎಂಬ ನೋವಿನ ರಾಸಾಯನಿಕ ಬಿಟ್ಟರೆ ಮಾಸ್ಟ್ ಕೋಶ ಕೆರಳುತ್ತದೆ. ಅದು ಹಿಸ್ಟಮಿನ್, ಟ್ರಿಪ್ಟೇಸ್ ಚೆಲ್ಲಿದರೆ ನರ ಮತ್ತೆ ಕೆರಳುತ್ತದೆ. ಶುರುವಿನ ಕಾರಣ ಹೋದಮೇಲೂ ನೋವು ಉಳಿಯುವುದಕ್ಕೆ ಈ ಸುತ್ತು ಒಂದು ವಿವರಣೆ.

ಹನ್ನರ್ ಗಾಯ ಇದ್ದರೆ ನಮ್ಮ ಕೆಲಸ ಸಲೀಸು. 1915ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್‌ನ ವೈದ್ಯ ಗೈ ಹನ್ನರ್ ವಿವರಿಸಿದ ಗಾಯ ಅದು. ಒಳಪದರ ಕಿತ್ತುಹೋಗಿರುತ್ತದೆ, ಕೆಳಗೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಗುಂಪು ಇರುತ್ತದೆ. ಗಾಯ ಇಲ್ಲದವರದೇ ತಲೆನೋವು. ಎಷ್ಟೋ ಸಲ ಸ್ಲೈಡ್ ಸುಮ್ನೆ ಮಾಮೂಲಾಗಿ ಕಾಣುತ್ತದೆ. ಮೂತ್ರಕೋಶ ಹಿಗ್ಗಿದಾಗ ಒಳಪದರ ಎಟಿಪಿ ಎಂಬ ರಾಸಾಯನಿಕ ಬಿಡುತ್ತದೆ, ಅದು ನರದ ಪಿ2ಎಕ್ಸ್3 ಗ್ರಾಹಕವನ್ನು ತಟ್ಟಿ ನೋವಿನ ಸೂಚನೆ ಕೊಡುತ್ತದೆ. ಫಾರ್ಮಲಿನ್‌ನಲ್ಲಿ ಅದ್ದಿದ ತುಂಡಿನಲ್ಲಿ ಇದೆಲ್ಲ ಕಾಣುವುದಾದರೂ ಹೇಗೆ? ಹಾಗಾಗಿ ಇಂಥ ವರದಿಯಲ್ಲಿ 'ನಾರ್ಮಲ್' ಎಂದಷ್ಟೇ ಬರೆದು ಮುಗಿಸುವುದಿಲ್ಲ. 'ಇದರಿಂದ ನೋವಿನ ಕಾಯಿಲೆ ಇಲ್ಲವೆಂದು ಹೇಳಲಾಗದು' ಎಂದು ಸೇರಿಸುತ್ತೇನೆ. ತುಂಡಿನಲ್ಲಿ ಸ್ನಾಯು ಬಂದಿಲ್ಲದಿದ್ದರೆ ಅದನ್ನೂ ಬರೆದು, ಸಿಸ್ಟೋಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ಕೊಳವೆ ಹಾಕಿ ನೋಡುವ ಪರೀಕ್ಷೆ) ಏನು ಕಂಡಿತು ಅಂತ ಯೂರಾಲಜಿಸ್ಟ್‌ಗೆ ಫೋನ್ ಮಾಡಿ ಕೇಳುತ್ತೇನೆ.