2003ಆ 2004ಆ? ಹಳೇ ಎಸ್2000 ತಗೊಳ್ಳೋವಾಗ ನಾನು ವರ್ಷ ಆರಿಸ್ಕೊಂಡಿದ್ದು ಹೀಗೆ (ನನ್ನ ಅನುಭವ)

ಸೆಕೆಂಡ್ ಹ್ಯಾಂಡ್ ಗಾಡಿ ತಗೋಬೇಕು ಅಂತ ಯಾರನ್ನೇ ಕೇಳಿ, ಎಲ್ರೂ ಹೇಳೋದು ಒಂದೇ, ವರ್ಷ ಯಾವ್ದಾದ್ರೂ ಇರ್ಲಿ ಕಂಡೀಶನ್ ಚೆನ್ನಾಗಿರೋದ್ನ ನೋಡಿ ತಗೊಂಡ್ಬಿಡಿ ಅಂತ. ದಿನಾ ಆಫೀಸಿಗೆ ಓಡಾಡೋ ಗಾಡಿಗೆ ಈ ಮಾತು ಸರೀನೇ. ಆದ್ರೆ ಹೋಂಡಾ ಎಸ್2000 ಥರದ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ನಾನು ಇದನ್ನ ಒಪ್ಪಲ್ಲ, ಯಾಕಂದ್ರೆ 2003ರದ್ದು 2004ರದ್ದು ಪಕ್ಕಪಕ್ಕ ನಿಲ್ಸಿದ್ರೆ ನೋಡೋಕೆ ಅಣ್ತಮ್ಮನ ಥರ ಇದ್ರೂ ಓಡ್ಸೋಕೆ ಕೂತ್ರೆ ಸ್ವಭಾವಾನೇ ಬೇರೆ. ತಪ್ಪು ವರ್ಷ ತಗೊಂಡ್ರೆ ಗಾಡಿ ಎಷ್ಟೇ ಫಳಫಳ ಅಂತಿದ್ರೂ ಆರು ತಿಂಗಳಿಗೆ ಮನಸ್ಸು ಬೇರೆ ಕಡೆ ಹೋಗುತ್ತೆ. ನಾನು ಇದಕ್ಕೆ ಹತ್ತಿರಹತ್ತಿರ ಒಂದು ವರ್ಷ ತಗೊಂಡೆ, ಹೇಗೆ ಯೋಚನೆ ಮಾಡಿದೆ, ಎಲ್ಲಿ ಎಡವಿದೆ ಅನ್ನೋದನ್ನ ಬರೀತಿದ್ದೀನಿ, ಇದೇ ಗಾಡಿ ಅಲ್ದೆ ಬೇರೆ ಯಾವ್ದೋ ಗಾಡಿಯ ಎರಡು ವರ್ಷದ ಮಧ್ಯೆ ಸಿಕ್ಕಾಕೊಂಡಿರೋರಿಗೂ ಉಪಯೋಗ ಆಗ್ಬಹುದು.

ಮೊದ್ಲು ಏನು ಬದ್ಲಾಯ್ತು ಅಂತ ಹೇಳ್ಬಿಡ್ತೀನಿ. ನಾನು ಹುಡುಕ್ತಿದ್ದಿದ್ದು ಅಮೆರಿಕ ಮಾರ್ಕೆಟ್ ಗಾಡಿ. ಅಲ್ಲಿ 2000ದಿಂದ 2003ರ ತನಕ ಬಂದಿದ್ದು ಎಪಿ1 ಅನ್ನೋ ಮಾಡೆಲ್, 2004ರಿಂದ 2009ರಲ್ಲಿ ನಿಲ್ಸೋ ತನಕ ಬಂದಿದ್ದು ಎಪಿ2. ಎಪಿ1ರಲ್ಲಿರೋದು ಎಫ್20ಸಿ ಎಂಜಿನ್, 1997 ಸಿಸಿ, ರೆಡ್‌ಲೈನ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು, ಅಂದ್ರೆ ಆರ್‌ಪಿಎಂ, ತನಕ ಹೋಗಬಹುದು ಅನ್ನೋ ಮಿತಿ) ಒಂಬತ್ತು ಸಾವಿರ. 2004ಕ್ಕೆ ಅಲ್ಲಿ ಎಫ್22ಸಿ1 ಹಾಕಿದ್ರು, 2157 ಸಿಸಿ, ರೆಡ್‌ಲೈನ್ ಎಂಟು ಸಾವಿರಕ್ಕೆ ಇಳೀತು. ಪವರ್ ಎರಡರಲ್ಲೂ 240 ಹಾರ್ಸ್‌ಪವರ್ ಅಂತಾನೇ ಬರೆದಿದ್ರು, ಆದ್ರೆ ಹಳೇದ್ರಲ್ಲಿ ಅದು ಸಿಗೋದು 8300 ಆರ್‌ಪಿಎಂಗೆ, ಹೊಸದ್ರಲ್ಲಿ 7800ಕ್ಕೆ. ಟಾರ್ಕ್, ಅಂದ್ರೆ ಎಳೆಯೋ ಬಲ, ಸುಮಾರು 207 ನ್ಯೂಟನ್ ಮೀಟರ್ ಇದ್ದಿದ್ದು 220 ಆಯ್ತು, ಅದೂ 7500ರ ಬದ್ಲು 6500ಕ್ಕೇ ಸಿಗುತ್ತೆ. ಕಾಗದದ ಮೇಲೆ ಇಷ್ಟೇನಾ ಅನ್ಸುತ್ತೆ.

ರೆಡ್‌ಲೈನ್ ಯಾಕೆ ಇಳಿಸಿದ್ರು ಅನ್ನೋದು ನನಗೆ ಬಹಳ ದಿನ ತಲೇಲಿ ಕೊರೀತಿತ್ತು. ಬೋರ್ (ಸಿಲಿಂಡರಿನ ಅಗಲ) ಎರಡರಲ್ಲೂ 87 ಮಿಲಿಮೀಟರೇ, ಉದ್ದ ಮಾಡಿರೋದು ಸ್ಟ್ರೋಕನ್ನ (ಪಿಸ್ಟನ್ ಓಡಾಡೋ ದೂರ), 84 ಇದ್ದಿದ್ದು 90.7 ಆಗಿದೆ. ಪಿಸ್ಟನ್ ಒಂದು ಸುತ್ತಿಗೆ ಎರಡು ಸಲ ಅಷ್ಟು ದೂರ ಹೋಗ್ಬೇಕಲ್ಲ, ಲೆಕ್ಕ ಹಾಕಿ ನೋಡಿ, ಹಳೇ ಎಂಜಿನ್ ಒಂಬತ್ತು ಸಾವಿರದಲ್ಲಿ ತಿರುಗೋವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 25.2 ಮೀಟರ್. ಹೊಸ ಎಂಜಿನ್ ಎಂಟು ಸಾವಿರದಲ್ಲಿ 24.2. ಅದನ್ನೇ ಒಂಬತ್ತು ಸಾವಿರಕ್ಕೆ ಎತ್ತಿದ್ರೆ 27 ದಾಟುತ್ತೆ. ಅಂದ್ರೆ ಅವರು ಕಸುವು ಕಮ್ಮಿ ಮಾಡಿ ಕೊಟ್ಟಿದ್ದಲ್ಲ, ಮೇಲಿನ ಸಾವಿರವನ್ನ ತಗೊಂಡು ಕೆಳಗೆ ಕೊಟ್ಟಿದ್ದಾರೆ. ಇದು ಅರ್ಥ ಆದ್ಮೇಲೆ ಯಾವ್ದು ಒಳ್ಳೇದು ಅನ್ನೋ ಪ್ರಶ್ನೆ ಬಿಟ್ಟು ನನಗೆ ಯಾವ ಸಾವಿರ ಬೇಕು ಅನ್ನೋ ಪ್ರಶ್ನೆಗೆ ಬಂದೆ.

ಎಂಜಿನ್ ಒಂದೇ ಅಲ್ಲ. 2004ರಲ್ಲಿ ಮೊದಲ ನಾಲ್ಕು ಗೇರ್ ಸುಮಾರು ನಾಲ್ಕು ಪರ್ಸೆಂಟ್ ಗಿಡ್ಡ ಆದ್ವು (ಅದೇ ವೇಗಕ್ಕೆ ಎಂಜಿನ್ ಜಾಸ್ತಿ ತಿರುಗುತ್ತೆ), ಐದು ಆರು ಉದ್ದ ಆದ್ವು, ಗೇರ್‌ಬಾಕ್ಸಲ್ಲಿ ಕಾರ್ಬನ್ ಸಿಂಕ್ರೋ (ಗೇರ್ ಸಲೀಸಾಗಿ ಬೀಳೋ ಹಾಗೆ ಮಾಡೋ ಭಾಗ) ಬಂತು, ಚಕ್ರ 16 ಇಂಚಿಂದ 17ಕ್ಕೆ ಹೋಯ್ತು, ಹಿಂದಿನ ಟೈರ್ 225 ಇದ್ದಿದ್ದು 245 ಆಯ್ತು. ಎಲ್ಲಕ್ಕಿಂತ ಮುಖ್ಯ ಹಿಂದಿನ ಸಸ್ಪೆನ್ಷನ್ನಿನ ಜ್ಯಾಮಿತಿ. ಎಪಿ1ರಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಆದ ಹಾಗೆ ಅದರ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಬದಲಾಗ್ತಾ ಹೋಗುತ್ತೆ, ತಿರುವಿನ ನಡುವೆ ಹೆದ್ರಿ ಆಕ್ಸಿಲರೇಟರಿಂದ ಕಾಲು ಎತ್ತಿದ್ರಿ ಅಂದ್ರೆ ಹಿಂಭಾಗದ ಭಾರ ಮುಂದಕ್ಕೆ ಹೋಗಿ ಬಾಲ ಪಕ್ಕಕ್ಕೆ ಬರುತ್ತೆ. ಕೈ ಪಳಗಿದವರಿಗೆ ಇದೇ ಆ ಗಾಡಿಯ ಸೊಗಸು, ಒದ್ದೆ ರಸ್ತೇಲಿ ಹೊಸಬರಿಗೆ ಇದೇ ಕಂಟಕ. 2004ಕ್ಕೆ ಇದನ್ನ ಸಾಕಷ್ಟು ಪಳಗ್ಸಿದ್ರು.

2006ರದ್ದೂ ನೋಡ್ದೆ. ಅದ್ರಲ್ಲಿ ಗಾಡಿ ಜಾರದ ಹಾಗೆ ತಡೆಯೋ ಸ್ಟೆಬಿಲಿಟಿ ಕಂಟ್ರೋಲ್ ಬಂತು, ಜೊತೆಗೆ ಥ್ರಾಟಲ್ ಕೇಬಲ್ ಹೋಗಿ ಎಲೆಕ್ಟ್ರಾನಿಕ್ ಆಯ್ತು. ನನಗೆ ಕೇಬಲ್ಲೇ ಬೇಕಿತ್ತು, ಹಾಗಾಗಿ ಅದನ್ನ ಅಲ್ಲಿಗೇ ಬಿಟ್ಟೆ.

ಈಗ ನಾನು ಮಾಡಿದ ಕೆಲ್ಸ. ಒಂದು ನೋಟ್‌ಬುಕ್ಕಲ್ಲಿ ಹಾಳೆ ಮಧ್ಯ ಗೆರೆ ಎಳ್ದು ಎಡಕ್ಕೆ "ಆಮೇಲೆ ಸರಿ ಮಾಡ್ಕೋಬಹುದು", ಬಲಕ್ಕೆ "ಏನು ಮಾಡಿದ್ರೂ ಆಗಲ್ಲ" ಅಂತ ಬರ್ದೆ. ಜನ ಎಪಿ1 ಬಗ್ಗೆ ಹೆದರಿಸೋ ಮಾತೆಲ್ಲ ಒಂದೊಂದಾಗಿ ತಗೊಂಡು ಯಾವ ಕಡೆ ಹೋಗುತ್ತೆ ನೋಡ್ದೆ. ವಾಲ್ವ್ ರಿಟೇನರ್ (ವಾಲ್ವ್ ಸ್ಪ್ರಿಂಗನ್ನ ಹಿಡಿದಿರೋ ಬಿಲ್ಲೆ) ಬಿರುಕು ಬಿಡುತ್ತೆ ಅಂತಾರೆ, ಎಪಿ2ರ ರಿಟೇನರ್ ತಂದು ಹಾಕಿಸ್ಬಹುದು, ಎಡಕ್ಕೆ. ಸಿಂಕ್ರೋ ಸವೆಯುತ್ತೆ ಅಂತಾರೆ, ಎಪಿ2 ಗೇರ್‌ಬಾಕ್ಸೇ ಕೂರುತ್ತೆ, ಎಡಕ್ಕೆ. ಮೊದಲ ಎರಡು ವರ್ಷದ ಗಾಡಿಗಳಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್, 2002ರಿಂದ ಗಾಜು, ಮಡಚೋ ಬಟ್ಟೆಯ ಟಾಪ್ ಬದಲಾಯಿಸೋವಾಗ ಅದೂ ಆಗುತ್ತೆ, ಎಡಕ್ಕೆ. ಟೈರ್, ಬುಶ್, ಕ್ಲಚ್, ಟೈಮಿಂಗ್ ಚೈನ್ ಟೆನ್ಷನರ್ ಎಲ್ಲ ಎಡಕ್ಕೆ. ಬಲಕ್ಕೆ ಉಳಿದಿದ್ದು ಮೂರೇ. ಎಂಜಿನ್ನಿನ ಸ್ವಭಾವ, ಸ್ಟೆಬಿಲಿಟಿ ಕಂಟ್ರೋಲ್ ಇದ್ಯೋ ಇಲ್ವೋ, ಮತ್ತೆ ಹಿಂದಿನವರು ಎಲ್ಲಾದ್ರೂ ಗುದ್ದಿ ಚಾಸಿ ಬಗ್ಗಿಸಿದ್ದಾರಾ ಅನ್ನೋದು. ಎಂಜಿನ್ನೇ ಎತ್ತಿ ಬೇರೆ ಕೂರಿಸ್ಬಹುದಲ್ಲ ಅಂತ ಕೇಳ್ಬಹುದು, ಆಗುತ್ತೆ, ಆದ್ರೆ ಅಷ್ಟು ಮಾಡೋನು ಮೊದ್ಲೇ ಬೇಕಾದ ವರ್ಷಾನೇ ತಗೋಬಹುದಿತ್ತು.

ಹಾಗಾಗಿ ಕಂಡೀಶನ್ ನೋಡೋಕಿಂತ ಮುಂಚೆ ಎಂಜಿನ್ ಯಾವ್ದು ಅಂತ ತೀರ್ಮಾನ ಆಗ್ಬೇಕಿತ್ತು. ಇದಕ್ಕೆ ಸಹಾಯ ಮಾಡಿದ್ದು ನಮ್ಮಕ್ಕ. ಅವಳು ಮೆಕ್ಯಾನಿಕಲ್ ಓದಿದೋಳು, ಗಾಡಿ ಹುಚ್ಚು ನನಗಿಂತ ಮೊದ್ಲು ಅವಳಿಗೇ ಹತ್ತಿದ್ದು. ಒಂದೇ ಬೆಟ್ಟದ ರಸ್ತೇಲಿ, ಒಂದೇ ವಾರದಲ್ಲಿ, 2003ರದ್ದು ಒಂದು 2004ರದ್ದು ಒಂದು, ಮಾರೋರ ಒಪ್ಪಿಗೆ ತಗೊಂಡು ಅವರನ್ನ ಕೆಳಗೇ ಕಾಯೋಕೆ ಹೇಳಿ ಓಡ್ಸಿದ್ವಿ. ನಾನು ಡ್ರೈವ್ ಮಾಡ್ತಿದ್ರೆ ಪಕ್ಕದಲ್ಲಿ ಕೂತು ಅವಳು ಒಂದು ಚೀಟೀಲಿ ಗೀಟು ಹಾಕ್ತಿದ್ಲು, ನಾನು ಏನು ಅಂತ ಕೇಳಲಿಲ್ಲ. ಎರಡೂ ಮುಗಿದ್ಮೇಲೆ ತೋರ್ಸಿದ್ಲು, ಆರು ಸಾವಿರ ದಾಟಿದಾಗೆಲ್ಲ ಒಂದು ಗೀಟು. ಆರು ಸಾವಿರದ ಹತ್ತಿರಾನೇ ವಿಟೆಕ್ (ವಾಲ್ವ್ ಎಷ್ಟು ತೆರೀಬೇಕು ಅಂತ ಬದಲಾಯಿಸೋ ಹೋಂಡಾ ವ್ಯವಸ್ಥೆ) ದೊಡ್ಡ ಕ್ಯಾಮಿಗೆ ಬದಲಾಗಿ ಎಂಜಿನ್ ಜೋರಾಗೋದು, ಎರಡರಲ್ಲೂ ಅಷ್ಟೇ. 2003ರಲ್ಲಿ ಮೇಲೆ ಹೋಗೋವಾಗ ನಾಲ್ಕು, 2004ರಲ್ಲಿ ಐದು.

"ನೋಡೋ, ನಿನಗೆ ಒಂಬತ್ತು ಸಾವಿರ ಬೇಕು ಬೇಕು ಅಂತೀಯ, ಆದ್ರೆ 2003ರಲ್ಲಿ ಎಂಟು ಸಾವಿರಾನೂ ಮುಟ್ಟಿಲ್ಲ ನೀನು" ಅಂದ್ಲು.

"ನನಗೆ ಹೊಸ ಗಾಡಿ ಅಲ್ವಾ ಅಕ್ಕ, ಯಾರದ್ದೋ ಗಾಡಿ, ಹೇಗೆ ಅಷ್ಟು ಎಳೀಲಿ?"

"2004ರದ್ದೂ ಯಾರದ್ದೋ ಗಾಡೀನೇ. ಅದ್ರಲ್ಲಿ ಯಾಕೆ ರೆಡ್‌ಲೈನ್ ತನಕ ಹೋದೆ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಆದ್ರೆ ಆಮೇಲೆ ಕೂತು ಆ ರಸ್ತೇನ ನೆನಪಿಸ್ಕೊಂಡಾಗ ಗೊತ್ತಾಯ್ತು. ಆ ರಸ್ತೇಲಿ ಎಡಕ್ಕೆ ಏರೋ ಒಂದು ಉದ್ದ ತಿರುವು ಇದೆ, 2003ರಲ್ಲಿ ಅದನ್ನ ಮೂರನೇ ಗೇರಲ್ಲಿ ಹಾಕಿದ್ರೆ ಎಂಜಿನ್ ನಾಲ್ಕೂವರೆ ಸಾವಿರದಲ್ಲಿ ಕೂತು ಏನೂ ಕೊಡಲ್ಲ, ಎರಡಕ್ಕೆ ಇಳಿಸಿದ್ರೆ ತಿರುವಿನ ನಡುವೆಯೇ ವಿಟೆಕ್ ಬಿದ್ದು ಹಿಂದಿನ ಚಕ್ರಕ್ಕೆ ಒಂದೇ ಸಲ ಬಲ ಬರುತ್ತೆ, ಬಾಲ ಬೇರೆ ಚುರುಕು, ಹಾಗಾಗಿ ನಾನು ಮೂರಲ್ಲೇ ಸುಮ್ಮನೆ ತೆವಳಿಸ್ಕೊಂಡು ಹೋಗಿದ್ದೆ. 2004ರಲ್ಲಿ ಅದೇ ತಿರುವು ಅದೇ ಮೂರನೇ ಗೇರು, ಗಿಡ್ಡ ಗೇರ್ ಇರೋದ್ರಿಂದ ಆರ್‌ಪಿಎಂ ಒಂಚೂರು ಮೇಲೆ, ಟಾರ್ಕ್ ಒಂಚೂರು ಜಾಸ್ತಿ, ಗಾಡಿ ತಾನಾಗೇ ಎಳ್ಕೊಂಡು ಆರು ಸಾವಿರ ದಾಟಿ ತಿರುವಿಂದ ಆಚೆ ಬಂತು. ಒಂಬತ್ತು ಸಾವಿರ ತಿರುಗೋ ಎಂಜಿನ್ ಪ್ರಪಂಚದಲ್ಲಿ ಎಷ್ಟು ಕಮ್ಮಿ ಅಂತ ನನಗೆ ಗೊತ್ತು, ಅದರ ಮೇಲಿನ ಪ್ರೀತಿ ಇನ್ನೂ ಹೋಗಿಲ್ಲ, ಟ್ರ್ಯಾಕಿಗೇ ಹೋಗೋನಾಗಿದ್ರೆ ಕಣ್ಮುಚ್ಚಿ ಎಪಿ1 ತಗೋತಿದ್ದೆ. ಆದ್ರೆ ನಾನು ಓಡ್ಸೋದು ರಸ್ತೇಲಿ, ಮಳೇಲೂ ಓಡಿಸ್ತೀನಿ. ಅವತ್ತೇ 2004 ಅಂತ ಬರ್ದು ನೋಟ್‌ಬುಕ್ ಮುಚ್ಚಿದೆ.

ಮುಚ್ಚಿದ್ರೂ ಒಂದು ಪರೀಕ್ಷೆ ಬಾಕಿ ಇತ್ತು, ನಾವು ಓಡ್ಸಿದ ಆ 2003 ಬಹಳ ಅಂದವಾಗಿತ್ತು. ಬಣ್ಣ ಹೊಸದರ ಹಾಗೆ, ಒಳಗೆ ಸೀಟಿನ ಅಂಚು ಕೂಡ ಸವೆದಿಲ್ಲ, ಓಡಿರೋದೂ ಕಮ್ಮಿ. ಮನಸ್ಸು ಎಳೀತಾ ಇತ್ತು, ಹಾಗಾಗಿ ಅದನ್ನೂ ಪೂರ್ತಿ ನೋಡ್ಬಿಡೋಣ ಅಂತ ಮಾರೋರ ಮುಂದೇನೇ ವಾಲ್ವ್ ಕವರ್ ಬಿಚ್ಚಿಸ್ದೆ. ಎಪಿ1 ನೋಡೋರು ಇದೊಂದನ್ನ ತಪ್ಪಿಸ್ಬೇಡಿ. ಯಾರಾದ್ರೂ ಹೈ ಆರ್‌ಪಿಎಂನಲ್ಲಿ ನಾಲ್ಕಕ್ಕೆ ಹಾಕೋ ಬದ್ಲು ಎರಡಕ್ಕೆ ಹಾಕಿದ್ರೆ ಚಕ್ರಗಳೇ ಎಂಜಿನ್ನನ್ನ ಮಿತಿ ಮೀರಿ ತಿರುಗ್ಸುತ್ತವೆ, ರೆವ್ ಲಿಮಿಟರ್ ಅಲ್ಲಿ ಏನೂ ಮಾಡೋಕಾಗಲ್ಲ, ಆಗ ವಾಲ್ವ್ ಸ್ಪ್ರಿಂಗನ್ನ ಹಿಡಿದಿರೋ ರಿಟೇನರಿಗೆ ಪೆಟ್ಟು ಬೀಳುತ್ತೆ. ಅದು ಅವತ್ತೇ ಒಡೆಯಲ್ಲ, ಬಿರುಕು ಬಿಟ್ಕೊಂಡು ತಿಂಗಳುಗಟ್ಟಲೆ ಓಡಿ ಒಂದಿನ ವಾಲ್ವು ಒಳಗೆ ಬೀಳುತ್ತೆ. ಟಾರ್ಚು ಒಂದು ಪುಟ್ಟ ಕನ್ನಡಿ ಹಿಡ್ಕೊಂಡು ಹದಿನಾರನ್ನೂ ನೋಡ್ತಾ ಹೋದೆ. ಎಲ್ಲದರಲ್ಲೂ ಕೀಪರ್‌ಗಳು (ವಾಲ್ವನ್ನ ರಿಟೇನರಿಗೆ ಸಿಕ್ಕಿಸೋ ಪುಟ್ಟ ಬೆಣೆಗಳು) ರಿಟೇನರಿನ ಮೇಲ್ಮಟ್ಟದ ಹತ್ರ ಒಂದೇ ಎತ್ತರಕ್ಕೆ ಕೂತಿದ್ವು, ಮೂರನೇ ಸಿಲಿಂಡರಿನ ಇನ್‌ಟೇಕ್ ಕಡೆ ಒಂದರಲ್ಲಿ ಮಾತ್ರ ಕೀಪರ್ ಕಣ್ಣಿಗೆ ಕಾಣೋ ಹಾಗೆ ಕೆಳಗೆ ಇಳಿದಿತ್ತು. ಅದು ಎಡಗಡೆ ಪಟ್ಟಿಯ ರಿಪೇರೀನೇ, ನಿಜ. ಆದ್ರೆ ಮಾರೋರು ಒಂದು ಸಲಾನೂ ಗೇರ್ ತಪ್ಪಿಲ್ಲ ಅಂತ ಹೇಳಿದ್ರು, ಅವರಿಗೆ ಗೊತ್ತಿತ್ತೋ ಇಲ್ವೋ, ಅವರಿಗಿಂತ ಮುಂಚೆ ಇದ್ದೋರು ಮಾಡಿದ್ದೋ ಏನೋ. ವಿಷಯ ಹೇಳಿ ನಮಸ್ಕಾರ ಹಾಕಿ ಬಂದೆ.

ಮೊದಲು ಓಡ್ಸಿದ 2004 ಇನ್ನೂ ಬೇಗ ಕೈಬಿಡ್ತು. ಕಂಪ್ರೆಶನ್ ಟೆಸ್ಟ್ ಚೆನ್ನಾಗಿತ್ತು, ಆದ್ರೆ ಎಡಗಡೆ ಫೆಂಡರಿನ ಬೋಲ್ಟುಗಳ ಮೇಲಿನ ಬಣ್ಣ ಸ್ಪಾನರ್ ಹಾಕಿ ಕಿತ್ತಿತ್ತು, ಈ ಗಾಡಿಗಳಲ್ಲಿ ಪ್ಯಾನೆಲ್ ಪ್ಯಾನೆಲ್ಲಿಗೂ ವಿಐಎನ್ (ಗಾಡಿಯ ಗುರುತಿನ ನಂಬರ್) ಸ್ಟಿಕ್ಕರ್ ಇರುತ್ತೆ, ಆ ಫೆಂಡರಲ್ಲೂ ಬಾನೆಟ್ಟಲ್ಲೂ ಇರ್ಲಿಲ್ಲ. ರೇಡಿಯೇಟರ್ ಮುಂದಿನ ಅಡ್ಡಪಟ್ಟೀಲಿ ಬೆರಳಾಡಿಸಿದ್ರೆ ಒಂದು ಕಡೆ ಅಲೆ ಅಲೆಯಾಗಿ ಸಿಕ್ತು. ಬಲಗಡೆ ಪಟ್ಟಿ.

ನಾಲ್ಕು ತಿಂಗಳು ಕಾದ್ಮೇಲೆ ಸಿಕ್ಕಿದ್ದು ಈಗಿರೋದು, 2004ರದ್ದೇ. ಮೊದಲ ನೋಟಕ್ಕೆ ಯಾರೂ ಇಷ್ಟಪಡಲ್ಲ. ಸಾಫ್ಟ್ ಟಾಪ್ ಮಡಚೋ ಜಾಗದಲ್ಲಿ ಎರಡೂ ಪಕ್ಕ ಹರಿದಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಟೆನ್ಷನರ್ ಕಟಕಟ ಅಂತಿತ್ತು, ನಿಂತಿದ್ದ ಗಾಡಿ ಹೊರಡೋವಾಗ ಹಿಂದಿಂದ ಟಕ್ ಅಂತ ಒಂದು ಸದ್ದು. ನಾನು ಬರೋಷ್ಟರಲ್ಲಿ ಎಂಜಿನ್ ಬಿಸಿ ಮಾಡಿಟ್ಟಿದ್ರು, ಅದು ನನಗೆ ಹಿಡಿಸ್ಲಿಲ್ಲ, ಹಾಗಾಗಿ ಮಾರನೇ ದಿನ ಹೇಳದೆ ಬೇಗ ಹೋಗಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸ್ದೆ, ಕಟಕಟ ಕೇಳಿಸಿದ್ದೇ ಆಗ. ದಯವಿಟ್ಟು ಎರಡು ಸಲ ಹೋಗಿ, ಒಂದು ಸಲ ಎಂಜಿನ್ ತಣ್ಣಗಿರೋವಾಗ, ಇನ್ನೊಂದು ಸಲ ಚೆನ್ನಾಗಿ ಬಿಸಿ ಆಗಿರೋವಾಗ, ಯಾಕಂದ್ರೆ ಇಂಥ ಎಂಜಿನ್ ತಣ್ಣಗಿದ್ದಾಗ ಹೇಳೋ ಕಥೆ ಬೇರೆ, ಬಿಸಿ ಆದ್ಮೇಲೆ ಗೇರ್‌ಬಾಕ್ಸ್ ಹೇಳೋ ಕಥೆ ಬೇರೆ.

ಆದ್ರೆ ಪ್ಯಾನೆಲ್ ಪ್ಯಾನೆಲ್ಲಿಗೂ ಸ್ಟಿಕ್ಕರ್ ಇತ್ತು. ಡಿಕ್ಕಿ ಕೆಳಗೆ, ಬಂಪರ್ ಹಿಂದೆ, ಎಲ್ಲಾ ಕಡೆ ಫ್ಯಾಕ್ಟರಿ ಸೀಲಂಟ್ ಹಾಗೇ ಇತ್ತು. ನಾಲ್ಕೂ ಸಿಲಿಂಡರ್ ಕಂಪ್ರೆಶನ್ ಹತ್ತಿರಹತ್ತಿರ ಒಂದೇ, ಲೀಕ್‌ಡೌನ್ (ಸಿಲಿಂಡರಿಂದ ಗಾಳಿ ಎಷ್ಟು ಸೋರುತ್ತೆ ಅಂತ ನೋಡೋ ಟೆಸ್ಟ್) ಕೂಡ ಸಮಾಧಾನ ತಂತು. ಆಯಿಲ್ ಲೆವೆಲ್ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೇ ಇತ್ತು, ಓನರ್ ಎಷ್ಟು ದಿನಕ್ಕೆ ಎಷ್ಟು ಟಾಪ್‌ಅಪ್ ಮಾಡ್ತೀನಿ ಅಂತ ಕೇಳದೇನೇ ಹೇಳಿದ್ರು. ಇಂಥ ಎಂಜಿನ್ ಜೋರಾಗಿ ಓಡ್ಸಿದ್ರೆ ಆಯಿಲ್ ಕುಡಿಯುತ್ತೆ, ಒಂದು ಹನಿ ಹಾಕಿಲ್ಲ ಅನ್ನೋರ ಗಾಡೀನೇ ನನಗೆ ಭಯ. ನೋಟ್‌ಬುಕ್ ತೆಗೆದು ಇದರ ಕಾಯಿಲೆ ಎಲ್ಲ ಬರ್ದೆ, ಒಂದೂ ಬಲಗಡೆ ಹೋಗ್ಲಿಲ್ಲ. ಅಕ್ಕನಿಗೆ ಫೋಟೋ ಕಳಿಸ್ದೆ, "ಹರಿದಿರೋ ಟಾಪ್ ನೋಡಿ ಬೇರೆ ಯಾರೂ ಮುಟ್ಟಲ್ಲ, ನೀನು ತಗೋ" ಅಂತ ಬರೆದ್ಲು.

ರಿಪೇರಿ ಬಗ್ಗೆ ಜಾಸ್ತಿ ಹೇಳಲ್ಲ. ಟೆನ್ಷನರ್ ಹೊಸದು ಹಾಕಿಸ್ದೆ. ಸ್ಪಾರ್ಕ್ ಪ್ಲಗ್ಗುಗಳು ಈ ಎಂಜಿನ್ನಲ್ಲಿ ಕಾಲಕ್ರಮೇಣ ಸಡಿಲ ಆಗೋದುಂಟು, ನಾಲ್ಕನ್ನೂ ತೆಗೆದು ಟಾರ್ಕ್ ರೆಂಚಲ್ಲಿ ಸರಿಯಾಗಿ ಬಿಗಿ ಮಾಡ್ದೆ. ಹಿಂದಿನ ಟಕ್ ಸದ್ದು ಡಿಫರೆನ್ಷಿಯಲ್ ಅಂತ ಹೆದರಿದ್ದೆ, ಆಕ್ಸಲ್ ನಟ್ ಬಿಚ್ಚಿ ಒರೆಸಿ ಮತ್ತೆ ಬಿಗಿ ಮಾಡಿದ್ದಕ್ಕೇ ಹೋಯ್ತು. ಕಷ್ಟ ಕೊಟ್ಟಿದ್ದು ಅಲೈನ್‌ಮೆಂಟ್, ಅಡ್ಜಸ್ಟ್ ಮಾಡೋ ಬೋಲ್ಟುಗಳು ಬುಶ್ಶಿನ ಒಳಗೇ ತುಕ್ಕು ಹಿಡ್ದು ಒಂದಾಗಿಹೋಗಿದ್ವು, ಹಿಂದಿನ ಎರಡು ಕಡೆ ಬೋಲ್ಟ್ ಕತ್ತರಿಸೇ ತೆಗೀಬೇಕಾಯ್ತು, ಇಡೀ ಶನಿವಾರ ಭಾನುವಾರ ಅದಕ್ಕೇ ಹೋಯ್ತು. ನೀವು ತಗೊಳ್ಳೋ ಗಾಡಿ ಯಾವ ವರ್ಷದ್ದೇ ಆಗ್ಲಿ, ಆ ಬೋಲ್ಟ್ ತಿರುಗುತ್ತಾ ಅಂತ ಮೊದ್ಲೇ ನೋಡಿಸಿ.

ಟಾಪ್ ಇನ್ನೂ ಹಾಕಿಸಿಲ್ಲ, ಒಳಗಿಂದ ತೇಪೆ ಹಚ್ಚಿದ್ದೀನಿ, ಮಳೆ ಬಂದ್ರೆ ಎಡಗಡೆ ಒಂದೊಂದು ಹನಿ ಬೀಳುತ್ತೆ. ಹೋದ ವಾರ ಅಂಥದ್ದೇ ಮಳೇಲಿ ಅಕ್ಕ ಓಡಿಸ್ತಿದ್ಲು, ನಾನು ಪಕ್ಕದಲ್ಲಿ ಬಟ್ಟೆ ಹಿಡ್ಕೊಂಡು ಕೂತಿದ್ದೆ, ಆ ಎಡಕ್ಕೆ ಏರೋ ತಿರುವು ಬಂದಾಗ ಅವಳು ಮೂರನೇ ಗೇರಲ್ಲೇ ಬಿಟ್ಟು ಕಾಲು ಎತ್ತದೆ ಹೋದ್ಲು.