ಫಿಟ್ಸ್ ಇರುವವರ ಊಟಕ್ಕೆ ಕೊಬ್ಬರಿ ಎಣ್ಣೆ: ಎಷ್ಟು, ಹೇಗೆ, ಯಾರನ್ನು ಕೇಳಿ?

ತಿಪಟೂರಿನ ಕಡೆ ತೋಟ ಇರುವ ಯಾರ ಮನೆಗೆ ಹೋದರೂ ಅಟ್ಟದ ಮೇಲೆ ಕಾಯಿ ಇರುತ್ತದೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗುತ್ತದೆ. ಅಲ್ಲಾಡಿಸಿದಾಗ ಒಳಗೆ ಗುಡುಗುಡು ಅಂದರೆ ಉಂಡೆ ಕೊಬ್ಬರಿ ಆಯಿತು ಅಂತ ಲೆಕ್ಕ. ಇಷ್ಟು ತೆಂಗು ಇದ್ದೂ ನಾವು ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಮಾಡುವವರಲ್ಲ. ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ ಏನಿದ್ದರೂ ತಲೆಗೆ.

ಫಿಟ್ಸ್ ಇರುವ ಮಕ್ಕಳ ಮನೆಗಳಲ್ಲಿ ಮಾತ್ರ ಈಗ ಈ ಲೆಕ್ಕ ಬದಲಾಗುತ್ತಿದೆ. ಮೊಬೈಲಿಗೆ ಒಂದು ವಿಡಿಯೊ ಬರುತ್ತದೆ. ದಿನಾ ಮೂರು ಚಮಚ ಕೊಬ್ಬರಿ ಎಣ್ಣೆ ಕುಡಿಸಿ, ಮಾತ್ರೆ ಬಿಸಾಕಿ ಅನ್ನುತ್ತದೆ. ನಮ್ಮ ಮನೆಗೂ ಬಂತು. ಅಕ್ಕನ ಮಗನಿಗೆ ಆಗ ಎಂಟು ವರ್ಷ. ಮಾತ್ರೆ ಬಿಡಿಸಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮೂರು ಚಮಚ ಎಣ್ಣೆ, ಅದರ ಹಿಂದೆಯೇ ಮಾತ್ರೆ. ಮೂರನೇ ದಿನ ಹುಡುಗ ಎರಡನ್ನೂ ವಾಂತಿ ಮಾಡಿಕೊಂಡ. ಎಣ್ಣೆ ಹೋಯಿತಲ್ಲ ಅಂತ ಎಲ್ಲರೂ ಪೇಚಾಡಿದೆವೇ ಹೊರತು, ಮಾತ್ರೆಯೂ ಹೋಯಿತು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಸಂಜೆ ಶಾಲೆಯಿಂದ ಬಂದವನಿಗೆ ಜಗಲಿ ಮೇಲೇ ಫಿಟ್ಸ್ ಬಂತು.

"ಎಣ್ಣೆಯಿಂದ ಹಿಂಗಾಯ್ತಾ ಡಾಕ್ಟ್ರೇ?" ಅಂತ ಅಕ್ಕ ಕೇಳಿದಳು. "ಎಣ್ಣೆಯಿಂದ ಅಲ್ಲಮ್ಮ, ಹೊಟ್ಟೇಲಿ ನಿಲ್ಲದೇ ಇರೋ ಮಾತ್ರೆಯಿಂದ" ಅಂದರು ಅವರು. ನಾವು ಮಾಡಿದ್ದನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಮಾತು ಹುಟ್ಟಿದ್ದು ಎಲ್ಲಿ?

ಕೊಬ್ಬಿಗೂ ಫಿಟ್ಸಿಗೂ ನಂಟಿರುವುದು ಸುಳ್ಳಲ್ಲ. ಉಪವಾಸ ಇದ್ದಾಗ ಕೆಲವರಿಗೆ ಫಿಟ್ಸ್ ಕಡಿಮೆಯಾಗುವುದನ್ನು ಹಿಂದಿನವರು ಕಂಡಿದ್ದರು. ಹಾಗಂತ ಮಗುವನ್ನು ಎಷ್ಟು ದಿನ ಉಪವಾಸ ಕೆಡವುವುದು? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಒಂದು ದಾರಿ ತೋರಿಸಿದರು. ಹಿಟ್ಟು, ಅಕ್ಕಿ, ಸಕ್ಕರೆಯಂಥದ್ದನ್ನು ತೀರಾ ಇಳಿಸಿ ಕೊಬ್ಬು ಏರಿಸಿದರೆ, ದೇಹ ಉಪವಾಸದಲ್ಲಿ ಇದ್ದಂತೆಯೇ ಕೊಬ್ಬನ್ನು ಉರಿಸಿ ಕೀಟೋನ್ ಅನ್ನುವ ಇಂಧನ ಮಾಡಿಕೊಳ್ಳುತ್ತದೆ. ಇದೇ ಕೀಟೋಜೆನಿಕ್ ಡಯಟ್. 1938ರಲ್ಲಿ ಫೆನಿಟಾಯಿನ್ ಅನ್ನುವ ಫಿಟ್ಸ್ ಔಷಧಿ ಬಂದ ಮೇಲೆ ಇದು ಮೂಲೆಗೆ ಸರಿಯಿತು. 1971ರಲ್ಲಿ ಪೀಟರ್ ಹಟನ್‌ಲಾಕರ್ ಎಂಬ ವೈದ್ಯರು ಎಂಸಿಟಿ (ಮೀಡಿಯಂ ಚೈನ್ ಟ್ರೈಗ್ಲಿಸರೈಡ್) ಅನ್ನುವ ಬಗೆಯ ಕೊಬ್ಬಿನ ಎಣ್ಣೆ ಬಳಸಿ ಡಯಟ್ಟನ್ನು ಸ್ವಲ್ಪ ಸಡಿಲ ಮಾಡಿದರು. ಈ ಎಣ್ಣೆ ಕರುಳಿನಿಂದ ನೇರ ಯಕೃತ್ತಿಗೆ ಹೋಗಿ ಬೇಗ ಕೀಟೋನ್ ಆಗುತ್ತದೆ.

ಎಂಸಿಟಿಯನ್ನು ಕೊಬ್ಬರಿ ಎಣ್ಣೆಯಿಂದಲೂ ಬೇರ್ಪಡಿಸಿ ತೆಗೆಯುತ್ತಾರೆ. ಎಡವಟ್ಟು ಇಲ್ಲೇ. ಕೊಬ್ಬರಿ ಎಣ್ಣೆಯಿಂದ ತೆಗೆದಿದ್ದು ಅಂದ ಮಾತ್ರಕ್ಕೆ ಕೊಬ್ಬರಿ ಎಣ್ಣೆಯೇ ಅದಲ್ಲ. ನಮ್ಮ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಲಾರಿಕ್ ಆಮ್ಲ. ಅದರ ಹೆಚ್ಚಿನ ಪಾಲು ಮಾಮೂಲಿ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ. ಎಂಸಿಟಿ ಬಾಟಲಿಯಲ್ಲಿ ಮುಖ್ಯವಾಗಿ ಇರುವುದು ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಅನ್ನುವ ಎರಡು ಆಮ್ಲ. ಕೊಬ್ಬರಿ ಎಣ್ಣೆಯಲ್ಲಿ ಎರಡೂ ಸೇರಿ ನೂರು ಗ್ರಾಮಿಗೆ ಹೆಚ್ಚುಕಮ್ಮಿ 14 ಗ್ರಾಮ್.

ಒಂದು ಲೆಕ್ಕ ಹಾಕೋಣ. ದಿನಕ್ಕೆ 1500 ಕ್ಯಾಲೊರಿ ತಿನ್ನುವ ಮಗುವಿಗೆ ಶೇಕಡಾ 40ರಷ್ಟು ಎಂಸಿಟಿಯಿಂದಲೇ ಕೊಡಬೇಕಾದರೆ 70 ಗ್ರಾಮಿಗಿಂತ ಸ್ವಲ್ಪ ಜಾಸ್ತಿ ಬೇಕು. ಅದೇ ಎರಡು ಆಮ್ಲ ಅಷ್ಟೇ ಪ್ರಮಾಣದಲ್ಲಿ ಕೊಬ್ಬರಿ ಎಣ್ಣೆಯಿಂದ ಸಿಗಬೇಕು ಅಂದರೆ ದಿನಾ ಅರ್ಧ ಕೆಜಿ ಎಣ್ಣೆ! ಚಮಚದ ಮಾತು ಇಲ್ಲಿಗೆ ಮುಗಿಯಿತು, ಅಲ್ವಾ? ಹಾಗಾದರೆ ಕೊಬ್ಬರಿ ಎಣ್ಣೆಗೆ ಜಾಗವೇ ಇಲ್ಲವಾ? ಇದೆ. ಪೂರ್ತಿ ಡಯಟ್ ಮಾಡುವಾಗ ತುಪ್ಪ, ಬೆಣ್ಣೆಯ ಹಾಗೆ ಅದೂ ಒಂದು ಕೊಬ್ಬು.

ಹೆಜ್ಜೆ 1: ಮಾತ್ರೆ ಮುಟ್ಟಬೇಡಿ

ಎಣ್ಣೆ ಶುರು ಮಾಡಿದ್ದೀವಿ ಅಂತ ಒಂದೇ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬಾರದು, ಕಡಿಮೆ ಮಾಡಬಾರದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಒಂದರ ಹಿಂದೆ ಒಂದು ಬರಬಹುದು. ಮಾತ್ರೆ ತಗೊಂಡ ಕೂಡಲೇ ವಾಂತಿಯಾದರೆ ಮತ್ತೆ ಕೊಡಬೇಕಾ ಅಂತ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 2: ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಒಂದು ತಿಂಗಳು ಏನನ್ನೂ ಬದಲಾಯಿಸದೆ ಸುಮ್ನೆ ಬರೆದಿಡಿ. ಫಿಟ್ಸ್ ಯಾವಾಗ ಬಂತು, ಎಷ್ಟು ನಿಮಿಷ ಇತ್ತು, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಮಾತ್ರೆ ತಪ್ಪಿತ್ತಾ? ಶಿವರಾತ್ರಿ ಜಾಗರಣೆಯ ಮಾರನೇ ದಿನ ಬಂದಿದ್ದರೆ ಅದನ್ನೂ ಬರೆಯಿರಿ. ಎಣ್ಣೆ ಸ್ನಾನದ ದಿನ ತಲೆಗೆ ಬಿಸಿನೀರು ಹುಯ್ಯುವಾಗ ಬಂದಿದ್ದರಂತೂ ತಪ್ಪದೆ ಹೇಳಿ. ಬಿಸಿನೀರಿನಿಂದ ಬರುವ ಫಿಟ್ಸ್ ಅಂತಲೇ ಒಂದಿದೆ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅದು ಜಾಸ್ತಿ. ಅಲ್ಲಿ ತಪ್ಪು ಎಣ್ಣೆಯದಲ್ಲ, ಹಂಡೆ ನೀರಿನದು.

ಹೆಜ್ಜೆ 3: ನರರೋಗ ವೈದ್ಯರನ್ನು ಕೇಳಿ

ಎರಡು ಬಗೆಯ ಮಾತ್ರೆ ಸರಿಯಾಗಿ ತಗೊಂಡರೂ ಫಿಟ್ಸ್ ನಿಲ್ಲದವರಿಗೆ ಸಾಮಾನ್ಯವಾಗಿ ಡಯಟ್ ಯೋಚಿಸುತ್ತಾರೆ. ಗ್ಲೂಟ್-1 ಕೊರತೆ ಅನ್ನುವ ಅಪರೂಪದ ಕಾಯಿಲೆಗಾದರೆ ಇದೇ ಮೊದಲ ಚಿಕಿತ್ಸೆ. ಲಂಡನ್ನಿನಲ್ಲಿ ಮಾತ್ರೆಗೆ ಬಗ್ಗದ ಫಿಟ್ಸ್ ಇದ್ದ ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳಿಗೆ ಡಯಟ್ ಗುಂಪಿನ ಶೇಕಡಾ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಡಯಟ್ ಮಾಡದವರಲ್ಲಿ ಅದು ಶೇಕಡಾ 6. ಒಳ್ಳೆಯ ಫಲವೇ, ಆದರೆ ಎಲ್ಲರಿಗೂ ಅಲ್ಲ.

ಕೊಬ್ಬನ್ನು ಉರಿಸಲಾಗದ ಕೆಲವು ಹುಟ್ಟು ಕಾಯಿಲೆಗಳಿವೆ. ಅಂಥ ಮಗುವಿಗೆ ಈ ಡಯಟ್ ಜೀವಕ್ಕೇ ಅಪಾಯ. ಅದಕ್ಕೇ ಮೊದಲು ರಕ್ತ, ಮೂತ್ರ ಪರೀಕ್ಷೆ. ವ್ಯಾಲ್‌ಪ್ರೊಯೇಟ್ ತಗೊಳ್ಳುವವರ ಯಕೃತ್ತಿನ ಮೇಲೆ ಕಣ್ಣಿಡಬೇಕು. ಟೋಪಿರಮೇಟ್ ತಗೊಳ್ಳುವವರಿಗೆ ಕಿಡ್ನಿ ಕಲ್ಲಿನ ಭಯ ಜಾಸ್ತಿ. ಚೀಟಿಯನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ನಮಗೆ ಬೆಂಗಳೂರಿನ ನಿಮ್ಹಾನ್ಸ್ ತೀರಾ ದೂರವೇನಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿಯಬೇಕು, ಅಷ್ಟೇ.

ಹೆಜ್ಜೆ 4: ತಕ್ಕಡಿ ತನ್ನಿ

ಕಟ್ಟುನಿಟ್ಟಿನ ಡಯಟ್ಟಿನಲ್ಲಿ ನಾಲ್ಕು ಗ್ರಾಮ್ ಕೊಬ್ಬಿಗೆ, ಪ್ರೊಟೀನು ಮತ್ತು ಪಿಷ್ಟ (ಕಾರ್ಬೋಹೈಡ್ರೇಟ್) ಎರಡೂ ಸೇರಿ ಒಂದೇ ಗ್ರಾಮ್. ಸ್ವಲ್ಪ ಸಡಿಲವಾದ ಮಾಡಿಫೈಡ್ ಅಟ್ಕಿನ್ಸ್ ಡಯಟ್‌ನಲ್ಲೂ ಮೊದಮೊದಲು ದಿನಕ್ಕೆ 10ರಿಂದ 20 ಗ್ರಾಮ್ ಪಿಷ್ಟ ಮಾತ್ರ. ಈಗ ನಮ್ಮ ಮುದ್ದೆಯನ್ನು ತೂಗಿ ನೋಡಿ. 75 ಗ್ರಾಮ್ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 50 ಗ್ರಾಮ್ ಪಿಷ್ಟ. ಎರಡು ದಿನಕ್ಕೂ ಮೀರಿದ ಪಾಲು ಒಂದೇ ಮುದ್ದೆಯಲ್ಲಿ ಮುಗಿಯಿತು! ಮುದ್ದೆ ಉಂಡು ಮೇಲೆ ಎಣ್ಣೆ ಕುಡಿದರೆ ಡಯಟ್ ಆಗುವುದಿಲ್ಲ, ತೂಕ ಏರುತ್ತದೆ ಅಷ್ಟೇ.

ಅಕ್ಕನ ಮನೆಯಲ್ಲಿ ಈಗ ಕಾಯಿಚಟ್ನಿಗೆ ಹುರಿಗಡಲೆ ಹಾಕುವುದಿಲ್ಲ. ಬರೀ ಕಾಯಿ, ಹಸಿಮೆಣಸಿನಕಾಯಿ, ಉಪ್ಪು, ಮೇಲೆ ತೂಗಿದ ಎಣ್ಣೆ. ಜೊತೆಗೆ ಮೊಟ್ಟೆ, ಪನೀರು, ಸೊಪ್ಪು. ತಕ್ಕಡಿ ಮೇಲೆ ಬಟ್ಟಲಿಟ್ಟು, ಸೊನ್ನೆ ಮಾಡಿ, ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಾಳೆ. ಆಮೇಲೆ ಬಟ್ಟಲಿಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ಹಾಕುತ್ತಾಳೆ. ಅದೂ ಲೆಕ್ಕದ್ದೇ. ಸಿಹಿ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ, ಮಾತ್ರೆಗೆ ಬದಲಾಯಿಸಿ ಕೊಡಿ ಅಂತ ವೈದ್ಯರನ್ನು ಕೇಳಿ.

ಹೆಜ್ಜೆ 5: ಎಣ್ಣೆ ನೋಡಿ ತನ್ನಿ

ತಲೆಗೆ ಹಚ್ಚುವ ಎಣ್ಣೆ ಬೇಡ. ಬಾಟಲಿ ಮೇಲೆ ಅಡುಗೆ ಎಣ್ಣೆ ಅಂತಲೂ ಎಫ್‌ಎಸ್‌ಎಸ್‌ಎಐ ನಂಬರೂ ಇರಬೇಕು. ಗಾಣದಲ್ಲಿ ಆಡಿಸುವುದಾದರೆ ಕೌಟು ಕೊಬ್ಬರಿ ಬೆರೆಸಬೇಡಿ. ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ನೆಗಡಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುವ ರೂಢಿ ನಮ್ಮಲ್ಲಿದೆ. ಫಿಟ್ಸ್ ಇರುವವರಿಗೆ ಅದು ಬೇಡವೇ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಎರಡೂ ಫಿಟ್ಸ್ ತರಿಸಬಲ್ಲವು.

ಹೆಜ್ಜೆ 6: ಊಟದ ಜೊತೆ, ನಿಧಾನವಾಗಿ

ಆಹಾರ ತಜ್ಞರು ಹೇಳಿದ ಅಳತೆಯನ್ನು ಒಂದೇ ಸಲ ಕೊಡದೆ ದಿನದ ಊಟಗಳಿಗೆಲ್ಲ ಹಂಚಿ. ಖಾಲಿ ಹೊಟ್ಟೆಗೆ ಕುಡಿಸಬೇಡಿ. ಹೊಟ್ಟೆನೋವು, ಭೇದಿ, ವಾಂತಿ ಶುರುವಾದರೆ ಫೋನ್ ಮಾಡಿ ಕೇಳಿ. ಮಲಬದ್ಧತೆಯೂ ಆಗುತ್ತದೆ, ನೀರು ಜಾಸ್ತಿ ಕುಡಿಸಿ. ಮೂತ್ರಕ್ಕೆ ಅದ್ದುವ ಕೀಟೋನ್ ಪಟ್ಟಿ ಸಿಗುತ್ತದೆ. ಅದು ಬದನೆಕಾಯಿ ಬಣ್ಣಕ್ಕೆ ತಿರುಗಿದರೆ ದೇಹ ಕೊಬ್ಬನ್ನು ಉರಿಸುತ್ತಿದೆ ಅಂತ ಅರ್ಥ.

ಫಿಟ್ಸ್ ಬಂದಾಗ ಮಾತ್ರ ಬಾಯಿಗೆ ಎಣ್ಣೆ, ನೀರು, ಚಮಚ ಏನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದೂ ದಂಡ. ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಡಯಟ್ ಬೇಡ, ಸುಮ್ನೆ ಅಡುಗೆಗೆ ಬಳಸುತ್ತೀವಿ ಅನ್ನುವವರು ಈಗಿರುವ ಎಣ್ಣೆಯ ಬದಲಿಗೆ ಸ್ವಲ್ಪ ಬಳಸಬಹುದು, ಅದರ ಮೇಲೆ ಸೇರಿಸಬಾರದು. ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 90ರಷ್ಟು ಸ್ಯಾಚುರೇಟೆಡ್ ಕೊಬ್ಬು. ಕೊಲೆಸ್ಟ್ರಾಲ್ ಇರುವ ದೊಡ್ಡವರು ಹುಷಾರಾಗಿರಬೇಕು.

ಹೆಜ್ಜೆ 7: ಮೂರು ತಿಂಗಳು ನೋಡಿ

ಕ್ಯಾಲೆಂಡರ್ ತಗೊಂಡು ವೈದ್ಯರ ಹತ್ತಿರ ಹೋಗಿ. ಗುರುತು ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಎರಡು ವರ್ಷ ಮುಂದುವರಿಸುತ್ತಾರೆ. ಏನೂ ಬದಲಾಗಿಲ್ಲ ಅಂದರೆ ಅವರು ಹೇಳಿದಂತೆ ನಿಧಾನವಾಗಿ ಇಳಿಸಿ, ಒಂದೇ ದಿನಕ್ಕೆ ನಿಲ್ಲಿಸಬೇಡಿ. ಅಷ್ಟರೊಳಗೆ ಶಾಲೆಗೂ ಒಂದು ಚೀಟಿ ಬರೆದುಕೊಡಿ. ನಮ್ಮ ಹುಡುಗನ ಪಟ್ಟಿ ಒಂದು ವಾರ ಬಣ್ಣವೇ ಬಿಡಲಿಲ್ಲ. ತಕ್ಕಡಿ ಬದಲಾಯಿಸಿದೆವು, ಎಣ್ಣೆ ಬದಲಾಯಿಸಿದೆವು. ಕೊನೆಗೆ ಬ್ಯಾಗಿನ ಸೈಡ್ ಜೇಬಿನಲ್ಲಿ ಸಿಕ್ಕಿದ್ದು ಗೆಳೆಯನ ಹುಟ್ಟುಹಬ್ಬದ ಚಾಕೊಲೇಟು ಕಾಗದ, ನಾಲ್ಕು.